ರಿಮ್ ಮೊದಲು, ಟೈರ್ ಆಮೇಲೆ: ದಾವಣಗೆರೆಯ ಒಂದು 1969ರ ಮಸ್ಟಾಂಗ್ ಕೇಸು

ಈ ಕಾರು ದಾವಣಗೆರೆ ಸುತ್ತಮುತ್ತಲೇ ಇದೆ, ಈಗ್ಲೂ ಓಡ್ತಿದೆ. ಇಂಥ ಗಾಡಿ ಈ ಕಡೆ ಬೆರಳೆಣಿಕೆಯಷ್ಟೂ ಇಲ್ಲ, ಅದಕ್ಕೇ ಬಣ್ಣ, ನಂಬರು, ಮನೆತನ, ಮಿಲ್ಲು ಯಾವ್ದೂ ಹೇಳಲ್ಲ, ಒಂದೆರಡು ವಿವರ ಬೇಕಂತ್ಲೇ ಅದಲು ಬದಲು ಮಾಡಿದೀನಿ. ಓನರ್‌ನ ಸಾವ್ಕಾರ್ರು ಅಂತೀನಿ, ಅವರ ಅಣ್ಣನ ಮಗನ್ನ ಹುಡುಗ ಅಂತೀನಿ, ಇಂಜಿನ್ ಬಿಚ್ಚಿ ಕಟ್ಟಿದ ಹಿರಿಯ ಮೆಕ್ಯಾನಿಕ್ ನಮಗೆಲ್ಲಾ ಮೇಸ್ತ್ರಿ. ನಂದು ಟೈರ್ ಮತ್ತೆ ವೀಲ್ ಅಲೈನ್‌ಮೆಂಟ್ ಕೆಲಸ, ದಿನಾ ನೋಡೋದು ಇನ್ನೋವಾ, ಬೊಲೆರೊ, ಮೆಕ್ಕೆಜೋಳದ ಲಾರಿ. ಹಳೇ ಅಮೆರಿಕನ್ ಗಾಡಿ ಇಟ್ಕೊಂಡಿರೋರು ಹುಬ್ಳಿ, ಬೆಂಗ್ಳೂರು ಕಡೆಯಿಂದ ಫೋನ್ ಮಾಡಿ "ಹಿಂದಕ್ಕೆ ಯಾವ ಟೈರ್ ಹಾಕ್ಲಿ" ಅಂತ ಕೇಳ್ತಾನೇ ಇರ್ತಾರೆ, ಅವರಿಗೆ ಟೈರಿನ ಹೆಸರು ಒಂದೇ ಹೇಳಿದ್ರೆ ಉಪಯೋಗ ಇಲ್ಲ, ಆ ಹೆಸರಿಗೆ ನಾವು ಹೆಂಗೆ ಬಂದ್ವಿ ಅನ್ನೋದೇ ಮುಖ್ಯ, ಅದಕ್ಕೆ ಪೂರ್ತಿ ಬರೀತಿದೀನಿ.

ಗಾಡಿ ಏನು, ಹೆಂಗಿತ್ತು

1969ರ ಫೋರ್ಡ್ ಮಸ್ಟಾಂಗ್, 351 ವಿಂಡ್ಸರ್ ವಿ8, ನಾಲ್ಕು ಬ್ಯಾರೆಲ್ ಕಾರ್ಬುರೇಟರ್, ನಾಲ್ಕು ಗೇರಿನ ಮ್ಯಾನುಯಲ್, ಸ್ಟೀರಿಂಗ್ ಎಡಗಡೆ. ಎಂಬತ್ತರ ದಶಕದಲ್ಲಿ ದೆಹಲಿಲಿ ಕೈ ಬದಲಾಗಿ ಆಮೇಲೆ ದಕ್ಷಿಣಕ್ಕೆ ಬಂದ ಗಾಡಿ, ಕಾಗದ ಪತ್ರ ಸರಿ ಇದಾವೆ. ಫೋರ್ಡ್ ಆ ವರ್ಷ ಈ ಇಂಜಿನ್‌ಗೆ 290 ಹಾರ್ಸ್‌ಪವರ್, 385 ಪೌಂಡ್-ಫೂಟ್ ಟಾರ್ಕ್ ಅಂತ ಹೇಳಿತ್ತು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 520 ನ್ಯೂಟನ್ ಮೀಟರ್. ಒಂದು ವಿಷಯ ಗಮನಿಸ್ಬೇಕು, ಅದು ಗ್ರಾಸ್ ಲೆಕ್ಕ, ಅಂದ್ರೆ ಇಂಜಿನ್‌ನ ಒಂಟಿಯಾಗಿ ಸ್ಟ್ಯಾಂಡ್ ಮೇಲಿಟ್ಟು, ಗಾಡಿಲಿರೋ ಸೈಲೆನ್ಸರು ಆಲ್ಟರ್ನೇಟರು ಇತ್ಯಾದಿ ಹೊರೆ ಇಲ್ದೆ ಅಳೆದದ್ದು, ಅಮೆರಿಕದ ಕಂಪನಿಗಳು ನೆಟ್ ಲೆಕ್ಕಕ್ಕೆ ಬಂದಿದ್ದು 1972ರ ಹೊತ್ತಿಗೆ. ಆದ್ರೂ ಕಮ್ಮಿ ಅಲ್ಲ ಬಿಡಿ, ಮೇಸ್ತ್ರಿ ಕಟ್ಟಿದ ಮೇಲಂತೂ ಇಂಜಿನ್ ಸ್ಟಾರ್ಟ್ ಮಾಡಿದ್ರೆ ಪಕ್ಕದ ಗೋಡೌನಿನ ತಗಡು ಅದುರುತ್ತೆ.

ಸಾವ್ಕಾರ್ರು ಗಾಡಿ ತಗೊಂಡಾಗ ಹಿಂದೆ 245/60 ಆರ್15, ಮುಂದೆ 235/60 ಆರ್15, ಬಿಳಿ ಅಕ್ಷರ ಇರೋ ಅಮೆರಿಕನ್ ರೇಡಿಯಲ್‌ಗಳು. 245 ಅಂದ್ರೆ ಟೈರಿನ ಅಗಲ ಮಿಲಿಮೀಟರಲ್ಲಿ, 60 ಅಂದ್ರೆ ಸೈಡ್‌ವಾಲ್ ಎತ್ತರ ಆ ಅಗಲದ ನೂರಕ್ಕೆ 60 ಭಾಗ, 15 ಅಂದ್ರೆ ರಿಮ್ ಎಷ್ಟು ಇಂಚು ಅಂತ. ನೋಡೋಕೆ ಹೊಸದರ ಹಂಗೆ, ಟ್ರೆಡ್ ಮುಕ್ಕಾಲು ಭಾಗ ಇತ್ತು, ಬಿರುಕು ಕಣ್ಣಿಗೆ ಕಾಣ್ತಿರಲಿಲ್ಲ.

ತೊಂದ್ರೆ ಎರಡು. ಒಂದು, ಫಸ್ಟ್ ಬಿಡಿ, ಸೆಕೆಂಡ್ ಗೇರಲ್ಲೂ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದ್ರೆ ಹಿಂದಿನ ಚಕ್ರ ತಿರುಗ್ತಾ ಅಲ್ಲೇ ನಿಲ್ಲೋದು. ಎರಡನೇದು ನಿಜವಾಗ್ಲೂ ಭಯ ಬೀಳಿಸಿದ್ದು. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದು ಐದು ಹತ್ತು ನಿಮಿಷ ಆಗಿರುತ್ತಲ್ಲ, ಧೂಳು ಎಣ್ಣೆ ಎಲ್ಲಾ ಕಲೆತು ರೋಡು ಸೋಪು ಹಚ್ಚಿದಂಗಿರುತ್ತೆ, ಆಗ ಹೈವೇಯಿಂದ ಸರ್ವಿಸ್ ರೋಡಿಗೆ ಇಳಿಯೋ ತಿರುವಲ್ಲಿ ಗಾಡಿ ಹಿಂಭಾಗ ಪೂರ್ತಿ ಪಕ್ಕಕ್ಕೆ ಹೋಗಿ ಕಲ್ಲಿಗೆ ತಾಗಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ, ಒಂದು ರಿಮ್ ತುಟಿ ಬಗ್ಗಿತು. ಓಡಿಸ್ತಿದ್ದದ್ದು ಹುಡುಗ, ಸ್ಪೀಡ್ ಹೆಚ್ಚಿರಲಿಲ್ಲ ಅಂತ ಆಣೆ ಮಾಡ್ತಾನೆ, ನಾನು ನಂಬ್ತೀನಿ, ಯಾಕಂತ ಮುಂದೆ ಗೊತ್ತಾಗುತ್ತೆ.

ಸಾವ್ಕಾರ್ರು ಬಂದು ಹೇಳಿದ್ದು ಒಂದೇ ಮಾತು. "ತಮ್ಮಾ, ರೊಕ್ಕ ಎಷ್ಟಾದ್ರೂ ಆಗ್ಲಿ, ಚಕ್ರ ಜಾರಬಾರ್ದು, ಅಂಥ ಟೈರ್ ತರಿಸು."

ಮೊದಲು ನೋಡಿದ್ದು ವಯಸ್ಸು

ಟೈರ್ ಪಕ್ಕದಲ್ಲಿ ಡಾಟ್ ಅಂತ ಇರೋ ಸಾಲಿನ ಕೊನೇ ನಾಲ್ಕು ಅಂಕಿ ತಯಾರಾದ ವಾರ ಮತ್ತೆ ವರ್ಷ. ಇದರಲ್ಲಿ 3209 ಅಂತ ಇತ್ತು, ಅಂದ್ರೆ 2009ರ 32ನೇ ವಾರ. ಹತ್ತು ವರ್ಷದ ಮೇಲೆ ಎಷ್ಟೋ ಆಗಿತ್ತು. ಈ ನಂಬರ್ ಒಳಗಡೆ ಪಕ್ಕದಲ್ಲಿತ್ತು, ಹೊರಗಡೆ ಬಿಳಿ ಅಕ್ಷರ ಕಾಣ್ಲಿ ಅಂತ ಹಂಗೆ ಕೂರಿಸಿದ್ರು, ಗಾಡಿ ಲಿಫ್ಟ್ ಮೇಲೆ ಹತ್ತೋವರೆಗೂ ಯಾರೂ ನೋಡಿರಲಿಲ್ಲ. ರಬ್ಬರ್ ಗಟ್ಟಿತನ ಅಳೆಯೋ ಡ್ಯೂರೋಮೀಟರ್ ಒತ್ತಿದ್ರೆ 80ರ ಹತ್ರ ತೋರಿಸ್ತು, ಅಂಗಡೀಲಿದ್ದ ಹೊಸ ಸ್ಪೋರ್ಟ್ ಟೈರಿಗೆ ಅದೇ ಮೀಟರ್ 65ರ ಆಚೀಚೆ. ಶೋ ಕಾರುಗಳ ಪಾಡೇ ಇದು, ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿಸಿದ್ರೆ ಟ್ರೆಡ್ ಹಂಗೇ ಇರುತ್ತೆ, ರಬ್ಬರ್ ಮಾತ್ರ ನಿಂತಲ್ಲೇ ಸಾಯುತ್ತೆ, ಅದರಲ್ಲೂ ನಮ್ಮ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೆಡ್ಡಲ್ಲಿ ನಿಲ್ಸಿದ್ರೆ ಕೇಳೋದೇ ಬೇಡ.

ಅಲ್ಲಿಗೆ ಮಳೆಲಿ ಜಾರಿದ್ದಕ್ಕೆ ಉತ್ತರ ಸಿಕ್ಕಂಗಾಯ್ತು. ಅದೇ ಕಂಪನಿದು ಅದೇ ಸೈಜು ಹೊಸದು ಹಾಕಿದ್ರೆ ಮುಗೀತಲ್ಲ ಅಂತ ಸಾವ್ಕಾರ್ರು. ಸಿಕ್ಕಿದ್ರೆ ಮುಗೀತಿತ್ತು. ತೊಡಕು ಇರೋದೇ ಅಲ್ಲಿ. 15 ಇಂಚಲ್ಲಿ 245/60 ಅನ್ನೋ ಸೈಜು ನಮ್ಮ ದೇಶದಲ್ಲಿ ಯಾವ ಗಾಡಿಗೂ ಕಂಪನಿಯಿಂದ ಬರಲ್ಲ, ಹಂಗಾಗಿ ಯಾವ ಡೀಲರೂ ಇಡಲ್ಲ. ಹೊರಗಡೆಯಿಂದ ತರಿಸೋಣ ಅಂದ್ರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದನ್ನ ನಿರ್ಬಂಧಿತ ಪಟ್ಟಿಗೆ ಹಾಕಿದೆ, ಲೈಸೆನ್ಸ್ ಬೇಕು, ಅದರ ಜೊತೆಗೆ ಐಎಸ್‌ಐ ಮಾರ್ಕ್ ಕಡ್ಡಾಯ ಅನ್ನೋದು ಅದಕ್ಕೂ ಮುಂಚಿನಿಂದ ಇದೆ, ಅಮೆರಿಕದ ಹಳೇ ಕಾರುಗಳಿಗೆ ಅಂತಲೇ ಮಾಡೋ ಟೈರಿಗೆ ಆ ಮಾರ್ಕ್ ಯಾರು ಹಾಕಿಸ್ತಾರೆ. ಡಲ್ಲಾಸ್‌ನಲ್ಲಿರೋ ಅಳಿಯ ಬರುವಾಗ ತರ್ತಾನೆ, ಮನೆ ಸಾಮಾನಿನ ಜೊತೆ ಕಂಟೇನರ್‌ನಲ್ಲಿ ಬರುತ್ತೆ, ಇಂಥ ಮಾತು ಬಹಳ ಬಂತು. ನಾನು ಬೇಡ ಅಂದೆ. ಒಂದು ಸಲ ತಂದ್ರೂ ಎರಡು ಮೂರು ವರ್ಷಕ್ಕೆ ಮತ್ತೆ ಬೇಕು, ಒಂದು ಟೈರ್ ಹರಿದ್ರೆ ಜೋಡಿ ಸಿಗಲ್ಲ, ಗಾಡಿ ಶೆಡ್ಡಲ್ಲಿ ಕೂರುತ್ತೆ.

ಎಸ್‌ಯುವಿ ಟೈರ್ ಹಾಕಿದ್ದು

ಇದು ನನಗೆ ಇಷ್ಟ ಇರಲಿಲ್ಲ ಆದ್ರೆ ಹುಡುಗ ಮೇಸ್ತ್ರಿ ಸೇರಿ ಹಾಕಿಯೇ ಬಿಟ್ರು. 15 ಇಂಚಲ್ಲಿ ಇಲ್ಲಿ ಅಗಲ ಅಂತ ಸುಲಭವಾಗಿ ಸಿಗೋದು 235/75 ಆರ್15, ಹಳೇ ಸಫಾರಿ ಥರದ ಗಾಡಿಗಳ ಸೈಜು. ಹಾಕಿ ಒಂದು ರೌಂಡ್ ಹೊಡೆದು ಬಂದು ಹುಡುಗ ಕುಣಿದಾಡಿಬಿಟ್ಟ, "ಅಣ್ಣಾ, ಗ್ರಿಪ್ ಬಂತು, ಸೆಕೆಂಡಲ್ಲಿ ಮೊದಲಿನಷ್ಟು ತಿರುಗಲ್ಲ."

ಗ್ರಿಪ್ ಬಂದಿರಲಿಲ್ಲ. ಲೆಕ್ಕ ಹಾಕಿ ನೋಡಿ. 245/60 ಆರ್15 ಅಂದ್ರೆ ಒಟ್ಟು ಎತ್ತರ 675 ಮಿಲಿಮೀಟರ್, 235/75 ಆರ್15 ಅಂದ್ರೆ 733. ಟೈರ್ ದೊಡ್ಡದಾದಷ್ಟೂ ನೆಲದ ಮೇಲೆ ಬೀಳೋ ತಳ್ಳುವ ಬಲ ಕಮ್ಮಿ ಆಗುತ್ತೆ, ಈ ಗಾಡಿದು 3.25ರ ಆಕ್ಸಲ್, ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ 3.25 ಸುತ್ತು ಹೊಡೆದ್ರೆ ಚಕ್ರ ಒಂದು ಸುತ್ತು, ಎತ್ತರದ ಟೈರ್ ಹಾಕಿದ್ಮೇಲೆ ಅದು 3.0 ಇದ್ದಂಗೆ ಕೆಲಸ ಮಾಡ್ತು. ಅಂದ್ರೆ ಇಂಜಿನ್ ಪಿಕಪ್ ಕಡಿಮೆ ಆಗಿ ಚಕ್ರ ಕಮ್ಮಿ ತಿರುಗ್ತಿತ್ತು ಅಷ್ಟೇ. ಸ್ಪೀಡೋಮೀಟರ್ 80 ತೋರಿಸುವಾಗ ನಿಜವಾದ ವೇಗ 87, ತಿರುವಲ್ಲಿ ಎತ್ತರದ ಸೈಡ್‌ವಾಲ್ ತೂಗಾಡೋದು, ಹಿಂದೆ ಇಬ್ರು ಕೂತ್ರೆ ಮಡ್‌ಗಾರ್ಡ್ ತುಟಿ ಟೈರಿಗೆ ಉಜ್ಜೋದು. ಬ್ರೇಕ್ ಹಾಕಿ ನೋಡಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಜಾರೋದು ಮೊದಲಿಗಿಂತ ಏನೂ ಬೇರೆ ಆಗಿರಲಿಲ್ಲ. ಆ ಟೈರ್‌ಗಳನ್ನ ಬಿಚ್ಚಿ ಹುಡುಗನ ಜೀಪಿನ ಟ್ರೈಲರ್‌ಗೆ ಹಾಕಿದ್ವಿ.

ಕಾಟಾ ಮೇಲೆ ಗಾಡಿ

ಈ ಕೇಸಿನ ದಿಕ್ಕು ಬದಲಾಗಿದ್ದು ಇಲ್ಲಿ, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಸಾವ್ಕಾರ್ರ ಮಿಲ್ಲಲ್ಲಿ ಲಾರಿ ತೂಕ ಮಾಡೋ ಕಾಟಾ ಇದೆ. ಗಾಡಿನ ಪೂರ್ತಿ ಹತ್ತಿಸಿ ಒಂದು ತೂಕ, ಮುಂದಿನ ಚಕ್ರ ಹೊರಗೆ ದಾಟಿಸಿ ಹಿಂದಿನದು ಮಾತ್ರ ಇಟ್ಟು ಇನ್ನೊಂದು ತೂಕ ತಗೊಂಡ್ವಿ. ಒಟ್ಟು 1,510 ಕೆಜಿ, ಹಿಂದಿನ ಆಕ್ಸಲ್ ಮೇಲೆ 650. ದೊಡ್ಡ ಎರಕದ ಇಂಜಿನ್ ಮುಂದೆ ಕೂತಿದೆ, ಹಿಂದೆ ಖಾಲಿ, ಹಂಗಾಗಿ ತೂಕ ಎಲ್ಲಾ ಮೂಗಿನ ಮೇಲೆ. ತಳ್ಳೋ ಚಕ್ರಗಳ ಮೇಲೆ ಅರ್ಧಕ್ಕಿಂತ ಕಮ್ಮಿ.

ಈಗ ಇಂಜಿನ್ ಎಷ್ಟು ತಳ್ಳುತ್ತೆ ನೋಡಿ. 520 ನ್ಯೂಟನ್ ಮೀಟರ್, ಫಸ್ಟ್ ಗೇರ್ 2.78, ಆಕ್ಸಲ್ 3.25, ಚಕ್ರದ ತ್ರಿಜ್ಯ ಮೂವತ್ಮೂರು ಸೆಂಟಿಮೀಟರ್. ಗುಣಿಸಿ ಭಾಗಿಸಿದ್ರೆ ನೆಲದ ಮೇಲೆ 1,450 ಕೆಜಿಯಷ್ಟು ತಳ್ಳು. ಗ್ರಾಸ್ ಲೆಕ್ಕ, ಗೇರ್‌ಬಾಕ್ಸ್ ಆಕ್ಸಲ್‌ನಲ್ಲಿ ಸೋರಿ ಹೋಗೋದು ಅಂತ ಐದನೇ ಒಂದು ಭಾಗ ಕಳೆದ್ರೂ 1,150ರ ಮೇಲೇ. ಟೈರ್ ಹಿಡಿಯೋ ತಾಕತ್ತು ಅದರ ಮೇಲೆ ಬೀಳೋ ತೂಕಕ್ಕೆ ತಕ್ಕಂತೆ. ಗಾಡಿ ಜೋರಾಗಿ ಎದ್ದಾಗ ಮುಂದಿನ ತೂಕ ಸ್ವಲ್ಪ ಹಿಂದಕ್ಕೆ ಬರುತ್ತೆ, 108 ಇಂಚಿನ ವೀಲ್‌ಬೇಸ್ ಇರೋ ಈ ಗಾಡಿಗೆ ಅದು ಹೆಚ್ಚೂಕಮ್ಮಿ 190 ಕೆಜಿ, ಒಟ್ಟು ಸೇರಿ 840. ರಸ್ತೆ ಮೇಲೆ ಓಡಿಸೋ ಟೈರುಗಳಲ್ಲಿ ಒಳ್ಳೇದಂದ್ರೂ ಒಣಗಿದ ಡಾಂಬರಲ್ಲಿ ತನ್ನ ಮೇಲಿರೋ ತೂಕದಷ್ಟೇ ಹಿಡಿಯುತ್ತೆ, ಅಂದ್ರೆ 840. ಫಸ್ಟ್ ಗೇರಲ್ಲಿ ಬರೋದು 1,150.

ಸಾವ್ಕಾರ್ರಿಗೆ ಈ ಲೆಕ್ಕನ ಕಾಟಾ ಚೀಟಿ ಹಿಂದೆ ಬರೆದು ತೋರಿಸಿದೆ. ಲೆಕ್ಕದ ಮನುಷ್ಯ ಅಲ್ವಾ, ತಕ್ಷಣ ಹಿಡ್ಕೊಂಡ್ರು. "ಅಂದ್ರೆ ಫಸ್ಟ್ ಗೇರ್‌ನಾಗೆ ಪೂರ್ತಿ ಒತ್ತಿದ್ರೆ ಯಾವ ಟೈರ್ ಹಾಕಿದ್ರೂ ತಿರುಗೇ ತಿರುಗ್ತತಿ ಅಂತಿಯಾ?"

"ಹೌದ್ರೀ ಸಾವ್ಕಾರ್ರೆ, ಅದಕ್ಕೆ ಔಷಧಿ ನಿಮ್ಮ ಬಲಗಾಲಲ್ಲಿದೆ. ಸೆಕೆಂಡ್ ನೋಡ್ರಿ."

ಸೆಕೆಂಡ್ ಗೇರ್ 1.93. ಅದರಲ್ಲಿ ತಳ್ಳು 800ರ ಆಸುಪಾಸಿಗೆ ಇಳಿಯುತ್ತೆ. ಒಳ್ಳೇ ಟೈರ್ 840 ಹಿಡಿಯುತ್ತೆ, ಅಂದ್ರೆ ಕೂದಲೆಳೆ ಅಂತರದಲ್ಲಿ ನಿಲ್ಲುತ್ತೆ. ಗಟ್ಟಿಯಾದ ಹಳೇ ಟೈರ್ ಅದರ ಮುಕ್ಕಾಲು ಹಿಡಿದ್ರೆ ಹೆಚ್ಚು, ಹಂಗಾಗಿ ತಿರುಗುತ್ತೆ. ಒದ್ದೆ ರೋಡಲ್ಲಿ ಅದು ಇನ್ನೂ ಅರ್ಧಕ್ಕೆ ಬಿದ್ರೆ ಥರ್ಡ್ ಗೇರಲ್ಲೂ ಜಾರಬಹುದು, ಹುಡುಗ ಸ್ಪೀಡ್ ಹೆಚ್ಚಿರಲಿಲ್ಲ ಅಂದಿದ್ದನ್ನ ನಾನು ನಂಬಿದ್ದು ಇದಕ್ಕೇ.

ಇಲ್ಲಿಂದ ಪ್ರಶ್ನೆಯೇ ಬೇರೆ ಆಯ್ತು. "ಜಾರದೇ ಇರೋ ಟೈರ್" ಅನ್ನೋದು ಹೋಗಿ, ಸೆಕೆಂಡ್ ಗೇರಲ್ಲಿ ಹಿಡಿಬೇಕು, ಒದ್ದೆಲಿ ನಂಬೋ ಹಂಗಿರಬೇಕು, ಟೈರ್ ಇಲ್ಲೇ ಸಿಗಬೇಕು, ಈ ಮೂರು ಉಳೀತು. ಸಾವ್ಕಾರ್ರು ಗಾಡಿನ ನಿಜವಾಗಿ ಎಲ್ಲೆಲ್ಲಿ ಓಡಿಸ್ತಾರೆ ಅಂತ ಕೇಳಿದೆ. ಭಾನುವಾರ ಬೆಳಿಗ್ಗೆ ಹೈವೇಲಿ ಚಿತ್ರದುರ್ಗದವರೆಗೆ, ಅರವತ್ತು ಕಿಲೋಮೀಟರ್ ಚಿಲ್ರೆ, ಅಲ್ಲಿ ತಿಂಡಿ, ವಾಪಸ್. ವರ್ಷಕ್ಕೊಂದು ಸಲ ಕ್ಲಬ್ಬಿನ ಮೀಟಿಗೆ ಬೆಂಗ್ಳೂರು. ಮದುವೆಲಿ ಮಕ್ಕಳ ಮೆರವಣಿಗೆ. ಕ್ವಾರ್ಟರ್ ಮೈಲಿ ಡ್ರ್ಯಾಗ್ ರೇಸು ಅನ್ನೋದು ಹುಡುಗನ ಬಾಯಲ್ಲಿ ಮಾತ್ರ ಇತ್ತು.

ಡ್ರ್ಯಾಗ್ ರೇಡಿಯಲ್

ಆದ್ರೂ ಹುಡುಗನ ಆಸೆ ತೀರಲಿ ಅಂತ ಇದನ್ನೂ ನೋಡಿದ್ವಿ, ನೋಡಿದ್ದು ಒಳ್ಳೇದೇ ಆಯ್ತು. ಹೈದರಾಬಾದ್ ಕಡೆಯ ಒಬ್ಬರ ಹತ್ರ 275/60 ಆರ್15 ಡ್ರ್ಯಾಗ್ ರೇಡಿಯಲ್ ಜೋಡಿ ರಿಮ್ ಸಮೇತ ಇತ್ತು, ಸ್ವಲ್ಪ ಸವೆದದ್ದು, ನೋಡಿ ವಾಪಸ್ ಕೊಡಿ ಅಂತ ಕೊಟ್ರು. ಇವು ರಸ್ತೆಗೂ ಹಾಕಬಹುದು ಅಂತ ಮಾರೋ ಟೈರುಗಳೇ, ಆದ್ರೆ ರಬ್ಬರ್ ಬಹಳ ಮೆತ್ತಗೆ, ಕಾವು ಬಂದ್ಮೇಲೆ ಅಂಟ್ಕೊಳ್ಳೋ ಹಂಗೆ ಮಾಡಿರ್ತಾರೆ, ನೀರು ಹೊರಗೆ ಹಾಕೋಕೆ ಕಾಲುವೆ ಬಹಳ ಕಮ್ಮಿ.

ರೋಡಲ್ಲಿ ಬೇಡ ಅಂತ ಮಿಲ್ಲಿನ ಹಿಂದೆ ಮೆಕ್ಕೆಜೋಳ ಒಣಗಿಸೋ ಕಾಂಕ್ರೀಟ್ ಕಣದಲ್ಲೇ ಇಟ್ಕೊಂಡ್ವಿ, ಸೀಸನ್ ಅಲ್ಲ, ಖಾಲಿ ಇತ್ತು, ಗುಡಿಸಿ ಕಾಳು ತೆಗೆಸಿದ್ವಿ. ಒಣ ನೆಲದಲ್ಲಿ ಆ ಟೈರ್ ಹಿಡಿದ ಹಿಡಿತ ನಾನು ಮೊದಲು ಕಂಡಿರಲಿಲ್ಲ. ಸೆಕೆಂಡ್‌ಗೆ ಹಾಕಿದ ತಕ್ಷಣ ಮೂತಿ ಎದ್ದು ಗಾಡಿ ಹೋಗ್ತಿತ್ತು. ಅದರ ಜೊತೆಗೇ ಹಿಂದಿನಿಂದ ಡಬ ಡಬ ಡಬ ಅಂತ ಬಡಿಯೋ ಸದ್ದು, ಇಡೀ ಗಾಡಿ ಅದುರೋದು. ಮೇಸ್ತ್ರಿ ಕೈ ಎತ್ತಿ ನಿಲ್ಸಿದ್ರು.

ಅದು ಆಕ್ಸಲ್ ಹಾಪ್. ಈ ಗಾಡಿಗೆ ಹಿಂದೆ ಲೀಫ್ ಸ್ಪ್ರಿಂಗ್, ನಮ್ಮ ಪಾಟಾ. ಟೈರ್ ಬಿಗಿಯಾಗಿ ಹಿಡಿದಾಗ ಆಕ್ಸಲ್ ಹೌಸಿಂಗೇ ಹಿಂದಕ್ಕೆ ತಿರುಗೋಕೆ ನೋಡುತ್ತೆ, ಪಾಟಾ ಇಂಗ್ಲಿಷಿನ ಎಸ್ ಆಕಾರಕ್ಕೆ ಬಾಗುತ್ತೆ, ಒಂದು ಹಂತಕ್ಕೆ ಟೈರ್ ಕೈಬಿಡುತ್ತೆ, ಪಾಟಾ ಪಟ್ ಅಂತ ವಾಪಸ್ ಬರುತ್ತೆ, ಟೈರ್ ಮತ್ತೆ ಹಿಡಿಯುತ್ತೆ, ಸೆಕೆಂಡಿಗೆ ಹಲವಾರು ಸಲ ಹಿಂಗೇ. ಫೋರ್ಡ್‌ನವರಿಗೂ ಇದು ಗೊತ್ತಿತ್ತು, ಆಗಿನ ಕೆಲವು ಜಾಸ್ತಿ ಪವರ್ ಇರೋ ನಾಲ್ಕು ಗೇರಿನ ಮಸ್ಟಾಂಗ್‌ಗಳಲ್ಲಿ ಹಿಂದಿನ ಶಾಕ್‌ಗಳನ್ನ ಒಂದು ಆಕ್ಸಲ್ ಮುಂದೆ ಒಂದು ಆಕ್ಸಲ್ ಹಿಂದೆ ಕೂರಿಸ್ತಿದ್ರು. ನಮ್ಮ ಗಾಡಿಲಿ ಪಾಟಾದ ರಬ್ಬರ್ ಬುಶ್‌ಗಳು ಪುಡಿಪುಡಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಯುನಿವರ್ಸಲ್ ಜಾಯಿಂಟ್) ಒಂದರಲ್ಲಿ ಆಟ ಇತ್ತು. ಹಳೇ ಟೈರ್ ಜಾರ್ತಾ ಇದ್ದದ್ದೇ ಇವನ್ನೆಲ್ಲಾ ಇಷ್ಟು ದಿನ ಕಾಪಾಡಿತ್ತು. ಹಿಡಿತ ಜಾಸ್ತಿ ಮಾಡಿದ್ರೆ ಆ ಹೊರೆ ಮುಂದಿನ ಕೊಂಡಿ ಮೇಲೆ ಬೀಳುತ್ತೆ, ಕ್ರಾಸ್, ಆಕ್ಸಲ್ ಶಾಫ್ಟ್, ಕ್ಲಚ್, ಯಾವ್ದು ಬಡವೋ ಅದು ಹೋಗುತ್ತೆ. ದುಬಾರಿ ಟೈರ್ ತರಿಸಿ ಹಾಕಿ ಹೈವೇಲಿ ಪ್ರೊಪೆಲ್ಲರ್ ಶಾಫ್ಟ್ ಕಳಚಿ ಬಿದ್ದಿದ್ರೆ ಆಗ ಟೈರ್ ಕಂಪನಿನ ಬೈಕೊಂಡು ಕೂರ್ತಿದ್ವಿ.

ಅದೇ ಸಂಜೆ ಟ್ಯಾಂಕರ್‌ನಿಂದ ಕಣಕ್ಕೆ ನೀರು ಬಿಡಿಸಿ ಮೆಲ್ಲಗೆ ಓಡಿಸಿ ನೋಡಿದ್ವಿ. ಸೈಕಲ್ ಸ್ಪೀಡಿಗಿಂತ ಸ್ವಲ್ಪ ಜಾಸ್ತಿ ಇರಬೇಕು, ಸ್ಟೀರಿಂಗ್ ತಿರುಗಿಸಿ ಕಾಲು ಇಟ್ರೆ ಹಿಂಭಾಗ ತೇಲಿಕೊಂಡು ಹೋಯ್ತು. ಸಾವ್ಕಾರ್ರು ಚಿತ್ರದುರ್ಗದಿಂದ ವಾಪಸ್ ಬರುವಾಗ ಆನಗೋಡು ಹತ್ರ ಮಳೆ ಸಿಕ್ರೆ ಏನ್ ಕಥೆ ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಹುಡುಗನೇ ಜಾಕ್ ತಂದ.

ರಿಮ್ ನಿರ್ಧಾರ

ಇಷ್ಟೊತ್ತಿಗೆ ನನಗೆ ಸ್ಪಷ್ಟ ಆಗಿದ್ದು, ನಾವು 15 ಇಂಚಿಗೆ ಅಂಟ್ಕೊಂಡು ಕೂತಿರೋದೇ ತೊಡಕು ಅಂತ. ಒಳ್ಳೇ ರಬ್ಬರ್ ಇಲ್ಲಿ ಈಗ ಬರ್ತಿರೋದು 17, 18 ಇಂಚಲ್ಲಿ, ಜರ್ಮನ್ ಸೆಡಾನ್‌ಗಳ ದಯೆಯಿಂದ. 245/45 ಆರ್17 ಅಂದ್ರೆ ಹಳೇ ಬೆಂಜ್ ಇ-ಕ್ಲಾಸ್ ಸೈಜು, ಎತ್ತರ 652 ಮಿಲಿಮೀಟರ್, ಇಂಚಲ್ಲಿ 25.7, ಈ ಗಾಡಿಗೆ 1969ರಲ್ಲಿ ಬರ್ತಿದ್ದ 14 ಇಂಚಿನ ಟೈರಿನ ಒಟ್ಟು ಎತ್ತರವೂ ಹತ್ತಿರ ಹತ್ತಿರ 26 ಇಂಚೇ. ಅಂದ್ರೆ ಗೇರಿಂಗ್ ಕೆಡಲ್ಲ, ಸ್ಪೀಡೋಮೀಟರ್ ಕೆಡಲ್ಲ. 18 ಇಂಚು ಬೇಡ ಅಂದಿದ್ದು ನಮ್ಮ ರೋಡ್ ನೋಡಿ. 245/45ರಲ್ಲಿ ಸೈಡ್‌ವಾಲ್ 110 ಮಿಲಿಮೀಟರ್ ಇರುತ್ತೆ, ಹದಡಿ ರೋಡಿನ ಗುಂಡಿಗೆ ಬಿದ್ರೂ ರಿಮ್ ಉಳಿಯುತ್ತೆ.

ಸಾವ್ಕಾರ್ರು ಮುಖ ಸಣ್ಣಗೆ ಮಾಡಿದ್ರು. "ಬಿಳಿ ಅಕ್ಷರ ಇರಲ್ಲ, ಹಿಂದೆ ಎತ್ತರ ಕಾಣಲ್ಲ, ಮುದುಕನಿಗೆ ಜೀನ್ಸ್ ಹಾಕಿದಂಗಿರ್ತತಿ." ಅವರು ಹೇಳಿದ್ದು ಸುಳ್ಳಲ್ಲ, 17 ಇಂಚಿನ ರಿಮ್ ಈ ಗಾಡಿಗೆ ಒಪ್ಪಲ್ಲ ಅಂತ ನನಗೂ ಅನ್ಸುತ್ತೆ. ಕೊನೆಗೆ ಒಪ್ಪಂದ ಏನಪ್ಪಾ ಅಂದ್ರೆ ಹಳೇ 15 ಇಂಚಿನ ಸೆಟ್ ಬಿಳಿ ಅಕ್ಷರದ ಸಮೇತ ಶೋಗೆ, ನಿಲ್ಲಿಸೋಕೆ ಮಾತ್ರ, ಓಡಿಸೋಕೆ 17.

ರಿಮ್ ಹುಡುಕೋದು ಟೈರ್ ಹುಡುಕೋದಕ್ಕಿಂತ ಕಷ್ಟ ಆಯ್ತು. ಮಸ್ಟಾಂಗ್ ಬೋಲ್ಟ್ ಅಳತೆ 5 ಬೋಲ್ಟ್, 114.3 ಮಿಲಿಮೀಟರ್, ಇನ್ನೋವಾದೂ ಕ್ರೆಟಾದೂ ಅದೇ. ಹುಡುಗ ಖುಷಿಯಾಗಿ ಇನ್ನೋವಾ ಅಲಾಯ್ ತಂದು ಹಚ್ಚೋಕೆ ಹೋದ, ಹಬ್ ಒಳಗೆ ಹೋಗಲಿಲ್ಲ. ಇನ್ನೋವಾದ ನಡು ತೂತು 60 ಮಿಲಿಮೀಟರ್, ಮಸ್ಟಾಂಗ್ ಹಬ್ 70 ದಾಟುತ್ತೆ. ತೂತು ದೊಡ್ಡದಿರೋ ಹೊರಗಡೆ ಅಲಾಯ್ ಸಿಗ್ತಾವೆ, ಆದ್ರೆ ಅವುಗಳ ಆಫ್‌ಸೆಟ್, ಅಂದ್ರೆ ಬೋಲ್ಟ್ ಕೂರೋ ಮುಖ ರಿಮ್ ನಡುವಿನಿಂದ ಎಷ್ಟು ಹೊರಗಿದೆ ಅನ್ನೋದು, 35 ಮಿಲಿಮೀಟರ್ ಮೇಲೆ, ಫ್ರಂಟ್ ವೀಲ್ ಡ್ರೈವ್ ಗಾಡಿಗಳಿಗೆ ಅಂತ ಮಾಡಿರೋದು. 8 ಇಂಚು ಅಗಲದ ಅಂಥ ರಿಮ್ ಹಾಕಿದ್ರೆ ಒಳಗಡೆ ತುಟಿ ನೇರ ಪಾಟಾಗೆ ಹೊಡೆಯುತ್ತೆ.

ಆಗ ಬಂದ ಸಲಹೆ, ಹಬ್‌ಗೂ ರಿಮ್‌ಗೂ ನಡುವೆ ಕೂರೋ ಒಂದು ಇಂಚಿನ ಸ್ಪೇಸರ್ ಬಿಲ್ಲೆನ ಲೇತ್‌ನಲ್ಲಿ ತಿರುಗಿಸಿ ಹಾಕಿದ್ರಾಯ್ತು, ಅರ್ಧ ದಿನದ ಕೆಲಸ. ಊರಲ್ಲಿ ಎಷ್ಟೋ ಗಾಡಿ ಹಂಗೇ ಓಡ್ತಿದಾವೆ ಅಂತ ಮೇಸ್ತ್ರಿನೂ ಅಂದ್ರು. ನಾನು ಇದೊಂದಕ್ಕೆ ಹಠ ಹಿಡಿದೆ, ಯಾವ ಲೋಹ ಅಂತ ಗೊತ್ತಿಲ್ಲದ ಬಿಲ್ಲೆ ಮೇಲೆ 500 ನ್ಯೂಟನ್ ಮೀಟರ್ ಇಂಜಿನ್ನಿನ ಹಿಂದಿನ ಚಕ್ರ ನಿಲ್ಲಿಸಿ ನನ್ನ ಅಂಗಡಿಯಿಂದ ಗಾಡಿ ಆಚೆ ಕಳಿಸಲ್ಲ ಅಂತ. ಮೇಸ್ತ್ರಿಗೂ ನನಗೂ ಸ್ವಲ್ಪ ಬಿಸಿ ಆಯ್ತು, ಎರಡು ವಾರ ಸುಮ್ನೆ ಕೂತ್ವಿ.

ಕಾದಿದ್ದಕ್ಕೆ ಫಲ ಸಿಕ್ತು. ಬೆಂಗ್ಳೂರಲ್ಲಿ ಇಂಥದ್ದೇ ಗಾಡಿ ಇರೋ ಒಬ್ಬರು 18 ಇಂಚಿಗೆ ಬದಲಾಯಿಸಿದ್ರು, ಅವರ ಹಳೇ ಸೆಟ್ 17 ಇಂಚು, ಹಿಂದಿನವು 8 ಇಂಚು ಅಗಲ, ಬ್ಯಾಕ್‌ಸ್ಪೇಸಿಂಗ್ 4¾ ಇಂಚು, ಅಂದ್ರೆ ರಿಮ್ ಹಿಂದಿನ ತುಟಿಯಿಂದ ಬೋಲ್ಟ್ ಕೂರೋ ಮುಖದವರೆಗಿನ ಅಂತರ. ದುಡ್ಡು ಕೊಡೋಕೆ ಮುಂಚೆ ನಾವು ಗಾಡಿ ಹಿಂದಿನ ಚಕ್ರ ಬಿಚ್ಚಿ, ಟೈರಿನ ಅಗಲ ಎತ್ತರಕ್ಕೆ ಪ್ಲೈವುಡ್ ತುಂಡು ಕತ್ತರಿಸಿ ಹಬ್‌ಗೆ ಬಿಗಿದು, ಜಾಕ್‌ನಿಂದ ಆಕ್ಸಲ್ ಪೂರ್ತಿ ಮೇಲಕ್ಕೆ ಒತ್ತಿ ಎಲ್ಲೆಲ್ಲಿ ತಾಗುತ್ತೆ ನೋಡಿದ್ವಿ. ಒಳಗಡೆ ಪಾಟಾದಿಂದ ಒಂದು ಬೆರಳು, ಹೊರಗಡೆ ಮಡ್‌ಗಾರ್ಡ್ ತುಟಿಯಿಂದ ಅದಕ್ಕಿಂತ ಕಮ್ಮಿ. ಸಾಕು.

ರಿಮ್ ಬಂದ ದಿನ ಇನ್ನೊಂದು ಅಪಾಯ ತಪ್ಪಿತು. ಜೊತೆಗೆ ನಟ್ ಇರಲಿಲ್ಲ, ನನ್ನ ಅಂಗಡಿ ಹುಡುಗ ಡಬ್ಬಿಯಿಂದ ಇನ್ನೋವಾ ನಟ್ ತೆಗೆದು ಏರ್ ಗನ್‌ಗೆ ಹಾಕಿದ್ದ. ಅದು 12 ಮಿಲಿಮೀಟರ್, ಪಿಚ್ 1.5. ಫೋರ್ಡ್‌ನ ಸ್ಟಡ್ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರ್, ಇಂಚಿಗೆ 20 ಥ್ರೆಡ್. ಕೈಲಿ ಹತ್ತಲ್ಲ, ಗನ್ ಕೊಟ್ರೆ ಥ್ರೆಡ್ ತಿಂದ್ಕೊಂಡು ಹತ್ತಿಬಿಡುತ್ತೆ, ಟೈಟ್ ಆಯ್ತು ಅಂತ ಕಾಣುತ್ತೆ, ಆಮೇಲೆ ದೇವ್ರೇ ಗತಿ. ಮೇಸ್ತ್ರಿ ನೋಡಿ ನಿಲ್ಸಿದ್ರು. ಹಳೇ ವಿಲ್ಲಿಸ್ ಜೀಪಿಗೂ ಇದೇ ಅರ್ಧ ಇಂಚು 20 ಥ್ರೆಡ್, ಆದ್ರೆ ಅದರ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಬರುತ್ತೆ, ಬಲಗಡೆವನ್ನೇ ಆರಿಸಿ ಅಲಾಯ್ ಸೀಟಿಗೆ ಕೂರುತ್ತಾ ನೋಡಿ ಹಾಕಬೇಕು ಅಂತ ಅವರೇ ಹೇಳಿ ಅವರೇ ತಂದ್ರು. ಸ್ಪೇಸರ್ ಬಿಸಿ ಅಲ್ಲಿಗೆ ಆರಿತು.

ಟೈರ್ ಹಾಕಿದ್ಮೇಲೆ

ಹಿಂದೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4, 245/45 ಆರ್17, 99ವೈ. 99 ಅಂದ್ರೆ ಒಂದು ಟೈರ್ 775 ಕೆಜಿ ಹೊರುತ್ತೆ, ನಮಗೆ ಬೇಕಿರೋದು ಒಂದಕ್ಕೆ 325, ವೈ ಅಂದ್ರೆ 300 ಕಿಲೋಮೀಟರ್ ವೇಗದ ರೇಟಿಂಗ್, ಅದು ನಮಗೆ ಬೇಕಾಗಿಲ್ಲ ಆದ್ರೆ ಆ ದರ್ಜೆ ಟೈರಿನ ಜೊತೆಗೇ ಬರೋದು. ಇದಕ್ಕಿಂತ ಒದ್ದೆ ಹಿಡಿತವೇ ನನಗೆ ಮುಖ್ಯ ಇತ್ತು. ಮುಂದೆ ಅದೇ ಟೈರ್ 225/50 ಆರ್17.

ಟೈರ್ ಹತ್ತೋಕೆ ಮುಂಚೆ ಮೇಸ್ತ್ರಿ ಪಾಟಾ ಬುಶ್, ಕ್ರಾಸ್, ಶಾಕ್ ಎಲ್ಲಾ ಹೊಸದು ಹಾಕಿ ಮುಗಿಸಿದ್ರು, ಪಾಟಾ ಎಸ್ ಆಕಾರಕ್ಕೆ ಬಾಗದಂಗೆ ತಡೆಯೋ ಟ್ರ್ಯಾಕ್ಷನ್ ಬಾರ್ ಕಟ್ಟಿದ್ರು. ಕ್ರಮ ಉಲ್ಟಾ ಆಗಿದ್ರೆ ಹಾಪ್ ಮತ್ತೆ ಬರ್ತಿತ್ತು, ಬೈಗುಳ ಟೈರಿಗೆ.

ಗಾಳಿ ಮೊದಲು 32 ಇಟ್ವಿ. ಟೈರ್ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಕಣದಲ್ಲಿ ನೇರ ಓಡಿಸಿದ್ರೆ ನಡುವಿನ ಗೆರೆ ಅಳಿಸಿ ಎರಡು ಅಂಚಲ್ಲಿ ಉಳಿದಿತ್ತು, ಅಂದ್ರೆ ಗಾಳಿ ಜಾಸ್ತಿ, ಟೈರ್ ಹೊಟ್ಟೆ ಮೇಲೆ ನಿಂತಿದೆ. ಇಳಿಸ್ತಾ ಬಂದು 29ಕ್ಕೆ ಗೆರೆ ಪೂರ್ತಿ ಸಮ ಅಳಿಸ್ತು. ತಣ್ಣಗಿದ್ದಾಗ 29, ಹಿಂದೆ ಜನ ಕೂತ್ರೆ 32. ನಟ್ ಟಾರ್ಕ್ ರೆಂಚ್‌ನಲ್ಲಿ 110 ನ್ಯೂಟನ್ ಮೀಟರ್, ನೂರು ಕಿಲೋಮೀಟರ್ ಆದ್ಮೇಲೆ ಇನ್ನೊಮ್ಮೆ.

ಫಲಿತಾಂಶ ಕಾಟಾ ಚೀಟಿ ಹೇಳಿದಂಗೇ ಬಂತು. ಫಸ್ಟ್ ಗೇರಲ್ಲಿ ಪೂರ್ತಿ ಒತ್ತಿದ್ರೆ ಈಗ್ಲೂ ತಿರುಗುತ್ತೆ. ಸೆಕೆಂಡಲ್ಲಿ ಹಿಡಿಯುತ್ತೆ, ಗಡಿ ಹತ್ರ ಬಂದಾಗ ಥಟ್ ಅಂತ ಬಿಡಲ್ಲ, ಮೊದಲೇ ಕೀಚ್ ಅಂತ ತಿಳಿಸಿ ಆಮೇಲೆ ಬಿಡುತ್ತೆ, ಕಾಲು ಎತ್ತೋಕೆ ಟೈಮ್ ಸಿಗುತ್ತೆ. ನೀರು ಬಿಟ್ಟ ಕಣದಲ್ಲಿ ಅದೇ ತಿರುವು ಅದೇ ವೇಗದಲ್ಲಿ ಗಾಡಿ ತಾನು ಹೋಗಬೇಕಾದ ಕಡೆ ಹೋಯ್ತು. ಬ್ರೇಕ್ ಸುಧಾರಿಸಿದ್ದು ನಾವು ಕೇಳದೇ ಬಂದ ಲಾಭ. ಕಳೆದುಕೊಂಡದ್ದೂ ಇದೆ. ಸ್ಟೀರಿಂಗ್ ನಿಂತಲ್ಲಿ ಭಾರ ಆಗಿದೆ, ಡಾಂಬರಿನ ಜೋಡಿಕೆಗಳು ಸೀಟಿಗೆ ಗೊತ್ತಾಗ್ತಾವೆ, ಹಳೇ ಟೈರಿನ ಮೆತ್ತನೆ ಓಟ ಇಲ್ಲ. ಇಂಥ ರಬ್ಬರ್ ಬೇಗ ಸವೆಯುತ್ತೆ ಅಂತ ಜನ ಹೆದರಿಸ್ತಾರೆ, ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡೋ ಗಾಡಿಗೆ ಸವೆಯೋಕೆ ಮುಂಚೆ ವಯಸ್ಸಾಗುತ್ತೆ, ಆರು ವರ್ಷಕ್ಕೆ ಟ್ರೆಡ್ ಎಷ್ಟೇ ಇರಲಿ ಬದಲಾಯಿಸೋದು ಅಂತ ಈಗ್ಲೇ ರಿಮ್ ಒಳಗಡೆ ಪೇಂಟಲ್ಲಿ ಬರೆದಿಟ್ಟಿದೀನಿ.

ಇಂಥ ಗಾಡಿ ಇರೋರು ನನಗೆ ಫೋನ್ ಮಾಡಿದ್ರೆ ಈಗ ನಾನು ಕೇಳೋ ಪ್ರಶ್ನೆಗಳ ಕ್ರಮವೇ ಬದಲಾಗಿದೆ. ಡಾಟ್ ನಂಬರ್ ಏನು, ಹಿಂದಿನ ಆಕ್ಸಲ್ ತೂಕ ಎಷ್ಟು, ಆಕ್ಸಲ್ ರೇಶಿಯೋ ಎಷ್ಟು, ಪಾಟಾ ಬುಶ್ ಯಾವಾಗ ಹಾಕಿದ್ದು, ಎಲ್ಲಿ ಓಡಿಸ್ತೀರಾ. ಟೈರ್ ಬ್ರ್ಯಾಂಡ್ ಕೊನೇಲಿ ಬರುತ್ತೆ, ಆ ಹೊತ್ತಿಗೆ ಎರಡು ಮೂರು ಹೆಸರಷ್ಟೇ ಉಳಿದಿರ್ತಾವೆ, ಯಾವ್ದು ಹಾಕಿದ್ರೂ ನಡೆಯುತ್ತೆ. ಬರೀ ಹೆಸರು ಕೇಳಿ ತಗೊಂಡು ಆಮೇಲೆ ಸ್ಪೇಸರ್ ಹುಡುಕೋರನ್ನ ಬಹಳ ನೋಡಿದೀನಿ.

ಒಂದು ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ, ಸ್ಟೆಪ್ನಿ. ಡಿಕ್ಕಿಲಿ ಹಳೇ 14 ಇಂಚಿನ ಚಕ್ರ ಇದೆ, 17 ಇಂಚಿಂದು ಅಲ್ಲಿ ಕೂರಲ್ಲ. ಈ ಗಾಡಿಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ, ಅಂದ್ರೆ ಹಿಂದಿನ ಒಂದೇ ಚಕ್ರ ಸುಮ್ನೆ ತಿರುಗದಂಗೆ ಎರಡನ್ನೂ ಹಿಡಿದಿಡೋದು, ಹಿಂದಿನ ಎರಡು ಚಕ್ರದ ಎತ್ತರ ಬೇರೆ ಬೇರೆ ಆದ್ರೆ ಅದರೊಳಗಿನ ಕ್ಲಚ್ ಪ್ಲೇಟುಗಳು ನೇರ ರೋಡಲ್ಲೂ ಉಜ್ಜಿಕೊಂಡು ಕಾವೇರ್ತಾವೆ. ಮುಂದಕ್ಕೆ 225/50 ಆರಿಸಿದ್ದು ಅರ್ಧ ಇದಕ್ಕೇ, ಅದರ ಎತ್ತರ 657, ಹಿಂದಿನದು 652, ಹತ್ತಿರ ಹತ್ತಿರ ಒಂದೇ. ಹಂಗಾಗಿ ಹಿಂದೆ ಪಂಚರ್ ಆದ್ರೆ ಮುಂದಿನ ಚಕ್ರ ಬಿಚ್ಚಿ ಹಿಂದಕ್ಕೆ, ಸ್ಟೆಪ್ನಿ ಮುಂದಕ್ಕೆ, ನಿಧಾನವಾಗಿ ಮನೆಗೆ. ಎರಡು ಕಡೆ ಜಾಕ್ ಹಾಕಬೇಕು. ಸಾವ್ಕಾರ್ರಿಗೆ ಇದನ್ನ ವಿವರಿಸಿದಾಗ ಪೂರ್ತಿ ಕೇಳಿಸ್ಕೊಂಡು, ತಲೆ ಆಡಿಸಿ, ಟೋ ಗಾಡಿಯವನ ನಂಬರ್ ಕೇಳಿ ಬರ್ಕೊಂಡ್ರು.